ಕೆಸುವಿನ ಬುಡ ಒಡೆಯುವ ಕಾಲ

ಕೆಸುವನ್ನು ಬೀಜ ಬಿತ್ತಿ ಬೆಳೆಸುವ ವಾಡಿಕೆ ಇಲ್ಲ. ಅದು ಹೂ ಬಿಡುವುದೇ ಅಪರೂಪ, ಬಿಟ್ಟರೂ ಕಾಯಿ ಕಟ್ಟುವುದು ಇನ್ನೂ ಅಪರೂಪ. ಬೇಸಾಯದಲ್ಲಿರುವ ತಳಿಗಳಲ್ಲಿ ಕೆಲವಕ್ಕೆ 28 ವರ್ಣತಂತುಗಳಿದ್ದರೆ ಇನ್ನು ಕೆಲವಕ್ಕೆ 42. ಈ ಎರಡನೆಯ ಬಗೆಯವು ಬೀಜದ ಮಟ್ಟಿಗೆ ಬಂಜೆ. ಆದ್ದರಿಂದ ಕೆಸುವಿನ ವಂಶ ಮುಂದುವರಿಯುವುದು ಮಣ್ಣಿನ ಒಳಗೇ. ನಡುವೆ ತಾಯಿಗೆಡ್ಡೆ, ಅದರ ಮೈಸುತ್ತ ಮರಿಗೆಡ್ಡೆಗಳು. ಕೆಲವು ಬಗೆಗಳಲ್ಲಿ ಬುಡದಿಂದ ಹಂಬು ಹರಿದು, ಅದರ ತುದಿಯಲ್ಲಿ ಇನ್ನೊಂದು ಗಿಡ ಏಳುತ್ತದೆ. ಮರಿಯನ್ನು ಬೇರ್ಪಡಿಸಿ ನೆಟ್ಟರೆ ಹುಟ್ಟುವುದು ತಾಯಿಯ ಮಗುವಲ್ಲ, ತಾಯಿಯೇ. ಉಡುಪಿ ಕಡೆಯ ಬಾವಿಕಟ್ಟೆಯ ಬದಿಯಿಂದ ಕಿತ್ತ ಗೆಡ್ಡೆ ಡೊಂಬಿವಲಿಯ ಚಾಳಿನ ಹಿತ್ತಲಲ್ಲಿ ಬೇರೂರಿ, ಅಲ್ಲಿಂದ ಕಲ್ಯಾಣ, ಠಾಣೆ, ನೆರೂಲ್‌ಗಳ ಬಾಲ್ಕನಿಗೆ ಹೋಗಿದ್ದರೆ, ಆ ಎಲ್ಲ ಕಡೆ ಇರುವುದು ಒಂದೇ ಗಿಡ.

ಶೀತದೇಶಗಳ ಮನೆಯಂಗಳದಲ್ಲಿ ಇದೇ ರೀತಿ ಬುಡ ಒಡೆದು ಹೆಚ್ಚಿಸುವ ಗಿಡ ಹೋಸ್ಟಾ. ಜಪಾನ್, ಕೊರಿಯಾ, ಚೀನಾಗಳು ಅದರ ತವರು. ನೆರಳಲ್ಲಿ ಬೆಳೆದು, ಚಳಿಗಾಲಕ್ಕೆ ಎಲೆ ಉದುರಿಸಿ ಮಣ್ಣಿನಡಿ ಮಲಗಿ, ವಸಂತದಲ್ಲಿ ಮೊನೆ ಮೇಲೆತ್ತುತ್ತದೆ. ಮೊನೆ ಕಂಡ ಕೂಡಲೇ ಬುಡವನ್ನು ಅಗೆದು, ಪ್ರತಿ ತುಂಡಿಗೂ ಒಂದೆರಡು ಮೊನೆ ಮತ್ತು ಒಂದಿಷ್ಟು ಬೇರು ಬರುವಂತೆ ಚಾಕುವಿನಿಂದ ಹೋಳು ಮಾಡುತ್ತಾರೆ. ಆ ಚಳಿಯ ನಿದ್ದೆ ಸಿಗದಿದ್ದರೆ ಹೋಸ್ಟಾ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಠಾಣೆ ಜಿಲ್ಲೆಯ ಸೆಕೆಯಲ್ಲಿ ಅದು ನಿಲ್ಲುವಂಥದ್ದಲ್ಲ. ಕೆನಡಾದಲ್ಲಿ ನೆಲೆಸಿದ ಮಗಳೊಬ್ಬಳು ತನ್ನ ಅಂಗಳದ ಹೋಸ್ಟಾವನ್ನು ಒಡೆಯುತ್ತ ನೆರೂಲ್‌ನ ತಾಯಿಗೆ ಫೋನಿನಲ್ಲಿ ತೋರಿಸಿದಾಗ, ತಾಯಿ ನೋಡಿದ್ದು ಹೋಸ್ಟಾವನ್ನಲ್ಲ. ಮಂಡಿಯೂರಿ, ಮಣ್ಣು ಕೊಡವಿ, ಬೆರಳಿನಿಂದ ಸಂದು ಹುಡುಕುವ ಆ ಭಂಗಿ ಡೊಂಬಿವಲಿ ಪೂರ್ವದ ಒಂದು ಬೈಠೀ ಚಾಳಿನ ಹಿಂಬದಿಯದು. ಆ ಚಾಳಿನಲ್ಲಿ ಬೆಳೆದವರ ನೆನಪಿನಲ್ಲಿ ಕೆಸು ಒಂದು ತರಕಾರಿಯಷ್ಟೇ ಅಲ್ಲ, ಜೂನ್ ತಿಂಗಳ ಒಂದು ಕೆಲಸವೂ ಹೌದು.

ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಡೊಂಬಿವಲಿಗೆ ಸುಮಾರು 48 ಕಿಲೋಮೀಟರ್. ಹೋಟೆಲು, ಬ್ಯಾಂಕು, ಗಿರಣಿ, ಕಚೇರಿಗಳಲ್ಲಿ ದುಡಿಯುತ್ತಿದ್ದ ಕರಾವಳಿಯ ಕನ್ನಡಿಗರು, ತುಳುವರು, ಕೊಂಕಣಿಗರು ಊರೊಳಗಿನ ಬಾಡಿಗೆ ತಾಳಲಾರದೆ ಸೆಂಟ್ರಲ್ ಲೈನಿನ ಈ ತುದಿಗೆ ಬಂದು ಒಂದು ಕೋಣೆ, ಒಂದು ಅಡುಗೆಮನೆ ಹಿಡಿದರು. ಒಂದೇ ಅಂತಸ್ತಿನ, ಹೆಂಚಿನ ಅಥವಾ ಸಿಮೆಂಟ್ ಶೀಟಿನ ಸಾಲುಮನೆಗೆ ಬೈಠೀ ಚಾಳು ಎಂದು ಹೆಸರು. ಮಹಡಿಯ ಚಾಳಿಗಿಲ್ಲದ ಒಂದು ಸೌಲಭ್ಯ ಅದಕ್ಕಿತ್ತು. ಹಿಂಬಾಗಿಲಿನಾಚೆ ನಾಲ್ಕು ಮೊಳ ನೆಲ, ಅದರಾಚೆ ಕಂಪೌಂಡಿನ ಗೋಡೆ. ಅಡುಗೆಮನೆಯ ಮೋರಿಯ ನೀರು ಹರಿದು ಹೋಗುತ್ತಿದ್ದುದೂ ಆ ನೆಲದ ಮೇಲೆಯೇ. ಮಧ್ಯಾಹ್ನದ ಬಿಸಿಲು ತಟ್ಟದ, ಯಾವಾಗಲೂ ಒದ್ದೆಯಿರುವ ಅಂಥ ಜಾಗ ಕೆಸುವಿಗೆ ಹೇಳಿಮಾಡಿಸಿದ್ದು.

ಗೆಡ್ಡೆ ಬರುತ್ತಿದ್ದುದು ಬಸ್ಸಿನಲ್ಲಿ. ಕೊಂಕಣ ರೈಲ್ವೆ ಪೂರ್ತಿ ತೆರೆದದ್ದು 1998ರಲ್ಲಿ. ಅದಕ್ಕೆ ಮುಂಚೆ ಮೇ ರಜೆಗೆ ಊರಿಗೆ ಹೋದವರು ಜೂನ್ ಮೊದಲ ವಾರ ಹಗಲೂ ರಾತ್ರಿ ಬಸ್ಸಿನಲ್ಲಿ ಕುಳಿತು ಮರಳುತ್ತಿದ್ದರು. ಚೀಲದಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಪುನರ್ಪುಳಿಯ ಒಣಸಿಪ್ಪೆ, ಅಡಿಕೆ ಹಾಳೆಯಲ್ಲಿ ಸುತ್ತಿದ ಕೆಸುವಿನ ಗೆಡ್ಡೆ. ಎಲೆಯನ್ನು ಯಾರೂ ತರುತ್ತಿರಲಿಲ್ಲ, ಆ ದಾರಿಗೆ, ಆ ಸೆಕೆಗೆ ಎಲೆ ಬಾಡಿ ಕಪ್ಪಾಗುತ್ತಿತ್ತು. ಗೆಡ್ಡೆಗೆ ಆ ಭಯವಿಲ್ಲ. ಬೇಸಿಗೆಯಲ್ಲಿ ಅದು ನಿದ್ದೆಯಲ್ಲಿರುತ್ತದೆ, ಒಣ ಹಾಳೆಯೊಳಗೆ ವಾರಗಟ್ಟಲೆ ಕೆಡುವುದಿಲ್ಲ, ಮೊದಲ ಮಳೆಯ ತೇವ ತಾಗಿದೊಡನೆ ಕಣ್ಣು ಒಡೆಯುತ್ತದೆ. ಊರಿನಿಂದ ಮರಳುವ ದಿನ, ಗೆಡ್ಡೆ ನೆಡುವ ದಿನ, ಮುಂಬಯಿಗೆ ಮಳೆ ಬರುವ ದಿನ ಎಲ್ಲವೂ ಒಂದೇ ಹದಿನೈದು ದಿನದೊಳಗೆ ಬೀಳುತ್ತಿದ್ದವು.

ಆ ಚಾಳಿನ ಕೆಸು ಇದ್ದುದು ಕೊನೆಯ ಕೋಣೆಯ ಹಿರಿಯ ಹೆಂಗಸೊಬ್ಬರ ಸುಪರ್ದಿಯಲ್ಲಿ. ಎಲ್ಲರಿಗೂ ಅವರು ದೊಡ್ಡಮ್ಮ. ಬುಡ ಒಡೆಯಲು ಅವರಿಗೆ ಒಂದು ಕ್ರಮವಿತ್ತು. ಮೊದಲು ಹಳೆಯ ಗುಂಪಿನಿಂದ ಒಂದು ಗೇಣು ದೂರ ಸುತ್ತಲೂ ಮಣ್ಣು ಸಡಿಲಿಸಿ, ಇಡೀ ಬುಡವನ್ನು ಎತ್ತಿ ಗೋಣಿಯ ಮೇಲೆ ಇಡುವುದು. ನೀರು ಹಾಕಿ ತೊಳೆಯುತ್ತಿರಲಿಲ್ಲ, ಕೈಯಿಂದ ಮಣ್ಣು ಉದುರಿಸುತ್ತಿದ್ದರು. ಮರಿಗೆಡ್ಡೆ ತಾಯಿಗೆ ಅಂಟಿಕೊಂಡ ಕುತ್ತಿಗೆಯನ್ನು ಹೆಬ್ಬೆರಳಿನಿಂದ ಹುಡುಕಿ ಒಮ್ಮೆ ತಿರುಚಿದರೆ, ಬಲಿತದ್ದಾದರೆ ಲಟ್ಟನೆ ಬಿಡುತ್ತದೆ. ಬಿಡದಿದ್ದರೆ ಅದಿನ್ನೂ ಎಳೆಯದು ಎಂದು ಅಲ್ಲೇ ಬಿಟ್ಟುಬಿಡುತ್ತಿದ್ದರು. ತಾಯಿಗೆಡ್ಡೆಯನ್ನು ಹುಳಿಗೆ ಬೇಯಿಸುವುದಿದ್ದರೂ ಅದರ ತಲೆಯನ್ನು ಎಸೆಯುವಂತಿರಲಿಲ್ಲ. ಒಂದು ಬೆರಳು ದಪ್ಪ ಗೆಡ್ಡೆ, ಅದರ ಮೇಲೆ ಒಂದು ಗೇಣು ದಂಟು ಉಳಿಸಿ, ಎಲೆ ಸವರಿ ಕತ್ತರಿಸಿಟ್ಟರೆ ಅದೂ ಒಂದು ಸಸಿ. ಪೆಸಿಫಿಕ್ ದ್ವೀಪಗಳ ಕೆಸು ಬೆಳೆಗಾರರು ಇವತ್ತಿಗೂ ನೆಡುವುದು ಇಂಥ ತಲೆಗಳನ್ನೇ. ಮರಿಗೆಡ್ಡೆಗಿಂತ ಇದು ಬೇಗ ಎಲೆ ಕೊಡುತ್ತದೆ. ಕತ್ತಿ ತಾಗಿದ ಮುಖಕ್ಕೆ ಇದ್ದಿಲೊಲೆಯ ಬೂದಿ ಸವರಿ, ಒಂದು ರಾತ್ರಿ ನೆರಳಲ್ಲಿ ಒಣಗಿಸಿ, ಮರುದಿನ ನಾಲ್ಕು ಬೆರಳು ಆಳದಲ್ಲಿ, ಕಣ್ಣು ಮೇಲೆ ಮಾಡಿ ನೆಡುವುದು. ಗಾಯದ ಮುಖ ಒಣಗದೆ ನೆಟ್ಟದ್ದು ಜೂನಿನ ಮಳೆಗೆ ಕೊಳೆಯುತ್ತದೆ.

ಮಕ್ಕಳಿಗೆ ಬುಡದ ಹತ್ತಿರ ಬರಲು ಒಂದೇ ಷರತ್ತು. “ಮುಟ್ಬೇಡ ಮಗಾ, ಕೈ ತುರಿಸ್ತದೆ. ಎಣ್ಣೆ ಹಚ್ಕೊಂಡು ಬಾ.”

ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟ್. ಕೆಸುವಿನ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲೂ ಅದು ಸೂಜಿಯಂಥ ಹರಳುಗಳಾಗಿ ಕಟ್ಟುಕಟ್ಟಾಗಿ ಇರುತ್ತದೆ; ಚರ್ಮಕ್ಕೋ ನಾಲಿಗೆಗೋ ಚುಚ್ಚಿದರೆ ಕಡಿತ ಶುರು. ಕೈಗೆ ತೆಂಗಿನೆಣ್ಣೆ, ಅಡುಗೆಗೆ ಹುಣಸೆಹುಳಿ, ಜೊತೆಗೆ ಚೆನ್ನಾಗಿ ಬೇಯಿಸುವುದು ಕರಾವಳಿಯ ಕ್ರಮ. ಎಲೆಗೆ ಸವರಿ ಸುತ್ತಿ ಬೇಯಿಸುವ ಪತ್ರೊಡೆಯ ಹಿಟ್ಟಿನಲ್ಲಿ ನೆನೆಸಿದ ಅಕ್ಕಿ, ಮೆಣಸು, ಕೊತ್ತಂಬರಿ, ಬೆಲ್ಲದ ಜೊತೆ ಹುಳಿ ಅಷ್ಟು ಧಾರಾಳವಾಗಿರುವುದು ಬರೀ ರುಚಿಗಲ್ಲ. ಠಾಣೆ ಜಿಲ್ಲೆಯ ಆದಿವಾಸಿಗಳಿಗೂ ಇದೇ ತಿಳಿವಳಿಕೆ ಬೇರೆ ದಾರಿಯಿಂದ ಬಂದಿದೆ. ಮುರಬಾಡ, ಶಹಾಪುರದ ಕಾಡಂಚಿನಿಂದ ಹೆಂಗಸರು ಮಳೆಗಾಲದ ಆರಂಭದಲ್ಲಿ ಕಲ್ಯಾಣ, ಠಾಣೆಯ ಮಾರುಕಟ್ಟೆಗೆ ಶೇವಳಾ ತಂದು ಮಾರುತ್ತಾರೆ. ಕೆಸುವಿನ ಕುಟುಂಬದ್ದೇ ಆದ ಕಾಡು ಗೆಡ್ಡೆಯ ಹೂಮೊಗ್ಗು ಅದು. ಅದರ ಪಕ್ಕದಲ್ಲೇ ಕಾಕಡ ಎಂಬ ಹುಳಿಕಾಯಿಯ ಸಣ್ಣ ರಾಶಿ ಇರುತ್ತದೆ. ಕಾಕಡವಿಲ್ಲದೆ ಶೇವಳಾ ಬೇಯಿಸಿದರೆ ಗಂಟಲು ಹಿಡಿಯುತ್ತದೆ.

ಎಲೆ ಕೊಯ್ಯುವ ಮೊದಲು ಗಿಡ ಯಾವುದೆಂದು ಖಚಿತವಾಗಬೇಕು. ತಿನ್ನುವ ಕೆಸುವಿನ ತೊಟ್ಟು ಎಲೆಯ ಅಂಚಿಗೆ ಸೇರುವುದಿಲ್ಲ. ಎಲೆಯ ಹಿಂಬದಿಯ ಸೀಳು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಒಂದೆರಡು ಬೆರಳು ಒಳಕ್ಕೆ, ಎಲೆಯ ಬೆನ್ನಿಗೆ ಅಂಟಿಕೊಂಡಿರುತ್ತದೆ, ಎಲೆ ಕೆಳಕ್ಕೆ ಬಾಗಿ ತೂಗುತ್ತದೆ. ನೀರು ಹನಿಸಿದರೆ ಎಲೆ ಒದ್ದೆಯಾಗದೆ ಹನಿ ಉರುಳಿ ಬೀಳುತ್ತದೆ. ಅಲಂಕಾರಕ್ಕೆ ಬೆಳೆಸುವ, ಮುಗಿಲಿಗೆ ಮುಖಮಾಡಿದ ಅಲೊಕೇಶಿಯಾದ ದೊಡ್ಡ ಎಲೆಗೆ ತೊಟ್ಟು ಸೇರುವುದು ಸೀಳಿನ ಬಾಯಲ್ಲೇ. ಅದನ್ನು ಅಡುಗೆಗೆ ತರಬಾರದು. ಸೊಸೈಟಿಗಳ ತೋಟದಲ್ಲಿ ಈಗ ಎಲ್ಲೆಲ್ಲೂ ಇರುವುದು ಅದೇ ಆದ್ದರಿಂದ ಈ ಗುರುತು ಮೊದಲಿಗಿಂತ ಹೆಚ್ಚು ಅಗತ್ಯ. ಕೆಸುವಿನಲ್ಲೂ ಕಪ್ಪು ದಂಟಿನದು, ಹಸಿರು ದಂಟಿನದು ಬೇರೆ ಬೇರೆ. ಸುತ್ತಿ ಬೇಯಿಸಲು ಕಪ್ಪು ದಂಟಿನದೇ ಲೇಸು ಎಂಬುದರಲ್ಲಿ ಚಾಳಿನ ಕನ್ನಡಿಗರಿಗೂ ಮರಾಠಿಗರಿಗೂ ಒಮ್ಮತವಿತ್ತು. ಎಲ್ಲರೂ ಕಾಕು ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ಅಕ್ಕಿಯ ಬದಲು ಕಡಲೆಹಿಟ್ಟು ಸವರಿ ಅಳೂವಡಿ ಮಾಡುತ್ತಿದ್ದರು. ಹಸಿರು ದಂಟಿನದು ಅವರಲ್ಲಿ ಕಡಲೆಬೇಳೆ, ಶೇಂಗಾ ಹಾಕಿದ ಫತ್‌ಫತೆ ಆಗುತ್ತಿತ್ತು. ಗಣೇಶ ಚತುರ್ಥಿಯ ಮರುದಿನ, ಋಷಿಪಂಚಮಿಗೆ, ಎತ್ತು ಉಳದ ನೆಲದಲ್ಲಿ ಬೆಳೆದ ತರಕಾರಿಗಳಷ್ಟನ್ನೇ ಬೇಯಿಸುವ ಪದ್ಧತಿ ಕೊಂಕಣದಲ್ಲಿದೆ. ಆ ಪಲ್ಯಕ್ಕೆ ಕೆಸು ಬೇಕೇ ಬೇಕು. ಅವತ್ತು ಕಾಕು ದೊಡ್ಡಮ್ಮನ ಹಿತ್ತಲಿಗೆ ಬರುತ್ತಿದ್ದರು. ತುಳುವರಿಗೆ ಅದಕ್ಕೆ ಮುಂಚೆ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ಪತ್ರೊಡೆ. ಊರಲ್ಲಿ ಅದಕ್ಕೆ ಮರದ ಮೇಲೆ ಬೆಳೆಯುವ ಮರಕೆಸು ಸಿಗುತ್ತದೆ. ಕೊಕ್ಕೆಮುಳ್ಳಿನ ಪುಟ್ಟ ಗೆಡ್ಡೆಗಳನ್ನು ಪ್ರಾಣಿ ಪಕ್ಷಿಗಳ ಮೈಗೆ ಅಂಟಿಸಿ ಹರಡುವ ಆ ಗಿಡ ಚಾಳಿಗೆ ಬರಲೇ ಇಲ್ಲ, ಹಿರಿಯರು ಅದರ ರುಚಿಯನ್ನು ಬಾಯಲ್ಲೇ ಹೇಳಿ ಮುಗಿಸುತ್ತಿದ್ದರು.

ಈ ಹಿತ್ತಲನ್ನು ನೆನೆಯುವವರು ಸಾಮಾನ್ಯವಾಗಿ ಅದರ ತಂಪನ್ನಷ್ಟೇ ನೆನೆಯುತ್ತಾರೆ. ಇನ್ನೊಂದು ಮಗ್ಗುಲೂ ಇತ್ತು. ದೊಡ್ಡಮ್ಮ ಎಲ್ಲರಿಗೂ ಕೊಡುತ್ತಿದ್ದರು ಎಂಬುದು ನಿಜ, ಸಮನಾಗಿ ಕೊಡುತ್ತಿದ್ದರು ಎಂಬುದು ನಿಜವಲ್ಲ. ಕಪ್ಪು ದಂಟಿನ ಗೆಡ್ಡೆ ಊರಿನ ಕಡೆಯವರಿಗೆ ಮಾತ್ರ. ಕಾಕುವಿಗೆ ಎಲೆ ಸಿಗುತ್ತಿತ್ತು, ಗೆಡ್ಡೆ ಸಿಗುತ್ತಿರಲಿಲ್ಲ. ಚಾಳಿನ ಗಟಾರ ಗುಡಿಸುತ್ತಿದ್ದ ಹೆಂಗಸಿಗೆ ಹಸಿ ಎಲೆಯನ್ನು ಗೋಡೆಯ ಮೇಲಿಟ್ಟು ಹೇಳುವುದಿತ್ತು, ಬೇಯಿಸಿದ ಪತ್ರೊಡೆ ಒಂದು ತುಂಡೂ ಆಕೆಯ ಕೈಗೆ ಹೋದದ್ದನ್ನು ಯಾರೂ ಕಂಡಿಲ್ಲ. ಆ ಅಕ್ಕರೆಯ ಕೈ ಇಂಥ ಗಡಿಗಳನ್ನೂ ಕಾಯುತ್ತಿತ್ತು. ಹಾಗೆಯೇ ದುಡಿಮೆ. ನಲ್ಲಿ ನೀರು ಬರುವ ಹೊತ್ತಿಗೆ ಎದ್ದು ಡ್ರಮ್ಮು ತುಂಬಿಸಿ, ಒಂಬತ್ತರ ಲೋಕಲ್ಲಿಗೆ ಡಬ್ಬಿ ಕಟ್ಟಿ, ಆಮೇಲೆ ಪತ್ರೊಡೆಗೆ ರುಬ್ಬುಗಲ್ಲಿನ ಮುಂದೆ ಕೂರುತ್ತಿದ್ದವರು ಸೊಸೆಯಂದಿರು. ಎಲೆಯ ಬೆನ್ನಿನ ನರ ಕೆತ್ತಿ ಮಟ್ಟಮಾಡುವಾಗ ಬೆರಳು ಕಡಿಸಿಕೊಂಡವರೂ ಅವರೇ. ಆ ರುಚಿ ಮತ್ತೆ ಬೇಕೆಂದು ಇವತ್ತು ಹಂಬಲಿಸುವ ಗಂಡಸರಲ್ಲಿ ಹೆಚ್ಚಿನವರು ಆ ನರ ಕೆತ್ತಿದವರಲ್ಲ.

ಮಣ್ಣಿನ ವಿಚಾರ ಇನ್ನೂ ಗಂಭೀರ. ಪಾತ್ರೆಯನ್ನು ಬೂದಿ, ತೆಂಗಿನ ನಾರಿನಿಂದ ಉಜ್ಜುತ್ತಿದ್ದ ತನಕ ಮೋರಿಯ ನೀರು ಗಿಡಕ್ಕೆ ಗೊಬ್ಬರವೇ ಆಗಿತ್ತು; ಸೋಪಿನ ಪುಡಿ ಬಂದ ಮೇಲೂ ಅದೇ ನೀರು ಹರಿಯಿತು. ಚಾಳಿನಿಂದ ಸ್ವಲ್ಪ ದೂರದಲ್ಲಿ ಎಂಐಡಿಸಿ ಕೈಗಾರಿಕಾ ವಸಾಹತಿನ ರಾಸಾಯನಿಕ ಕಾರ್ಖಾನೆಗಳು. ಗಾಳಿ ಆ ಕಡೆಯಿಂದ ಬೀಸಿದ ದಿನ ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತಿದ್ದರು, ಕೆಸುವಿನ ಎಲೆಯನ್ನು ಮಾತ್ರ ತೊಳೆದು ಬೇಯಿಸುತ್ತಿದ್ದರು. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಬಣ್ಣದ ಮಳೆ ಬಿದ್ದದ್ದು, 2020ರ ಫೆಬ್ರವರಿಯಲ್ಲಿ ಕೈಗಾರಿಕಾ ವಸಾಹತಿನ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಬಣ್ಣವಿಲ್ಲದೆ ಇಳಿದದ್ದು ಸುದ್ದಿಯಾಗಲಿಲ್ಲ. ಕೊಳಚೆ ನೀರಿನಲ್ಲಿ, ಕಾರ್ಖಾನೆಯ ಮಗ್ಗುಲಿನ ಮಣ್ಣಿನಲ್ಲಿ ಬೆಳೆದ ಸೊಪ್ಪು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳಬಲ್ಲದು; ಹುಣಸೆಹುಳಿಗೆ ಆಕ್ಸಲೇಟಿನ ಕಡಿತ ತಗ್ಗಿಸುವ ಗುಣವಿದೆ, ಲೋಹದ ಮೇಲೆ ಅದರ ಆಟ ನಡೆಯದು. ಹಳಿಯ ಬದಿಯಲ್ಲಿ, ಗಟಾರದ ದಡದಲ್ಲಿ ಹುಲುಸಾಗಿ ನಿಂತ ಕೆಸುವನ್ನು ಇವತ್ತು ಕೊಯ್ಯದಿರುವುದೇ ಸರಿ, ಅದು ಎಷ್ಟೇ ಚೆಂದವಾಗಿ ಕಂಡರೂ.

2005ರ ಜುಲೈ 26ರ ಮಳೆಗೆ ಉಲ್ಹಾಸ ನದಿ ಉಕ್ಕಿ ಕಲ್ಯಾಣ, ಡೊಂಬಿವಲಿಯ ತಗ್ಗು ಪ್ರದೇಶಗಳು ಮುಳುಗಿದವು. ಚಾಳಿನೊಳಗೂ ನೀರು ಬಂತು. ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕ ಎಲ್ಲ ಹೋದವು. ಕೆಸು ಉಳಿಯಿತು. ನೀರು ನಿಂತ ಗದ್ದೆಯಲ್ಲೂ ಉಸಿರಾಡಬಲ್ಲ ಗಿಡ ಅದು, ದಂಟಿನೊಳಗೆ ಗಾಳಿ ಸಾಗುವ ಕೊಳವೆಗಳಿವೆ. ಅದನ್ನು ಕೊನೆಗೊಳಿಸಿದ್ದು ಬಿಲ್ಡರು. ಚಾಳು ಕೆಡವಿ ಬಹುಮಹಡಿ ಕಟ್ಟಡ ಎದ್ದಾಗ ಹಿತ್ತಲಿದ್ದ ಜಾಗ ಪಾರ್ಕಿಂಗ್ ಆಯಿತು, ನೆಲಕ್ಕೆ ಪೇವರ್ ಬ್ಲಾಕ್ ಬಿತ್ತು. ಕೋಣೆಗೆ ಬದಲಾಗಿ ಸ್ವಂತ ಫ್ಲಾಟು, ಒಳಗೇ ಪಾಯಿಖಾನೆ, ದಿನವೂ ನೀರು ಸಿಕ್ಕಿದ ಹೆಂಗಸರಿಗೆ ಆ ಬದಲಾವಣೆಯ ಬಗ್ಗೆ ಪಶ್ಚಾತ್ತಾಪವಿರಲಿಲ್ಲ, ಇರಬೇಕಾದ ಕಾರಣವೂ ಇಲ್ಲ. ದೊಡ್ಡಮ್ಮ ಆಗಲೇ ತೀರಿಹೋಗಿದ್ದರು. ಅವರ ಗೆಡ್ಡೆಗಳು ಉಳಿದದ್ದು, ಮದುವೆಯಾಗಿಯೋ ಮನೆ ಬದಲಿಸಿಯೋ ಮುಂಚೆಯೇ ಹೊರಟುಹೋದವರ ಬಳಿ. ಅವರಲ್ಲಿ ಕಾಕುವಿನ ಮಗಳೂ ಒಬ್ಬಳು. ಗೆಡ್ಡೆ ಆಕೆಗೆ ಕೊಟ್ಟವರಾರೋ ತಿಳಿಯದು. ಸೊಸೆಯಂದಿರಲ್ಲಿ ಒಬ್ಬರು ಎಂಬುದೇ ಹೆಚ್ಚು ಸಂಭವ.

ರೈಲು ಇನ್ನೊಂದು ಬದಲಾವಣೆ ತಂದಿತು. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸು ಮಂಗಳೂರಿನಿಂದ ಹೊರಟು ರಾತ್ರಿ ಕಳೆಯುವಷ್ಟರಲ್ಲಿ ಪನ್ವೆಲ್, ಠಾಣೆ ಮುಟ್ಟಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ಬಾಡದೆ ಬರುತ್ತದೆ. ಎಲೆಯೇ ಬರುವಾಗ ಗೆಡ್ಡೆ ತರುವವರು ಕಡಿಮೆಯಾದರು. ಆಟಿಯ ಕೂಟಗಳಲ್ಲಿ ಈಗ ಪತ್ರೊಡೆ ತಟ್ಟೆಗೆ ಬೀಳುತ್ತದೆ, ಗೆಡ್ಡೆ ಕೈಬದಲಾಗುವುದು ಕಾಣುವುದಿಲ್ಲ.

ಬಾಲ್ಕನಿಯಲ್ಲಿ ಕೆಸು ಬೆಳೆಸುವುದು ಅಸಾಧ್ಯವೇನಲ್ಲ. ಪೂರ್ವಕ್ಕೋ ಉತ್ತರಕ್ಕೋ ತೆರೆದ ಗ್ರಿಲ್ಲು ಸಾಕು. ಪಶ್ಚಿಮದ ಬಿಸಿಲಿಗೆ ಎಲೆಯ ಅಂಚು ಸುಡುತ್ತದೆ. ಹದಿನಾಲ್ಕು ಇಂಚಿನ ಕುಂಡಕ್ಕೆ ಒಂದೇ ಗೆಡ್ಡೆ. ನವಿ ಮುಂಬಯಿಯ ಕಟ್ಟಡಗಳ ಸುತ್ತ ಸಿಗುವುದು ಮುರುಮಿನ ಕೆಂಪು ಭರ್ತಿ, ಅದರಲ್ಲಿ ಜೀವವಿಲ್ಲ. ನರ್ಸರಿಯ ಮಣ್ಣಿಗೆ ಅಷ್ಟೇ ಪ್ರಮಾಣದ ಹಳೆಯ ಸೆಗಣಿ ಗೊಬ್ಬರ ಸೇರಿಸಿ, ನೀರು ಹಿಡಿದಿಡಲು ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿದರೆ ಹದವಾಗುತ್ತದೆ. ಮಣ್ಣು ಒಣಗಬಾರದು, ಆದರೆ ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಿಸಬಾರದು, ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದು ಅಂಥ ನೀರಿನಲ್ಲಿ. ಮಾವು, ಹಲಸಿನ ಒಣ ಎಲೆಯನ್ನು ಮಣ್ಣಿನ ಮೇಲೆ ಹೊದಿಸಿದರೆ ದಿನಕ್ಕೊಮ್ಮೆ ನೀರು ಸಾಕಾಗುತ್ತದೆ. ನೆಟ್ಟ ಎರಡು ತಿಂಗಳಿಗೆ ಎಲೆ ಕೊಯ್ಯಬಹುದು, ಗಿಡದ ಮೇಲೆ ಎರಡು ಮೂರು ಎಲೆ ಯಾವಾಗಲೂ ಉಳಿಸಬೇಕು. ಎಲ್ಲವನ್ನೂ ಕೊಯ್ದರೆ ಗಿಡ ಸಾಯುವುದಿಲ್ಲ, ಗೆಡ್ಡೆ ಮಾತ್ರ ಸಣ್ಣದಾಗುತ್ತದೆ, ಮುಂದಿನ ವರ್ಷಕ್ಕೆ ಒಡೆಯಲು ಏನೂ ಸಿಗುವುದಿಲ್ಲ.

ಬಿಡದ ಮಳೆಯಲ್ಲಿ ಎಲೆಯ ಮೇಲೆ ನೀರು ಕುಡಿದಂಥ ಕಂದು ಮಚ್ಚೆ ಮೂಡಿ, ಬಳೆಯಂತೆ ಸುತ್ತುಸುತ್ತಾಗಿ ಹಬ್ಬಿದರೆ ಅದು ಎಲೆ ಅಂಗಮಾರಿ. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಕೆಲಸ. ಅಂಥ ಎಲೆಯನ್ನು ಕಂಡ ದಿನವೇ ತೊಟ್ಟಿನಿಂದ ಕತ್ತರಿಸಿ ಮನೆಯಿಂದ ಆಚೆ ಹಾಕಬೇಕು, ಕುಂಡಗಳನ್ನು ದೂರದೂರ ಸರಿಸಬೇಕು, ನೀರನ್ನು ಎಲೆಗೆ ಹಾಕದೆ ಬುಡಕ್ಕೆ ಹಾಕಬೇಕು. ರೋಗ ತಗುಲಿದ ಗಿಡದ ಗೆಡ್ಡೆಯನ್ನು ಮತ್ತೊಬ್ಬರಿಗೆ ಕೊಡುವುದು ಬೇಡ. ಬುಡ ಒಡೆದು ಹಂಚುವ ಗಿಡಗಳಲ್ಲಿ ತಾಯಿಯ ಗುಣದಂತೆ ತಾಯಿಯ ರೋಗವೂ ಕೈಯಿಂದ ಕೈಗೆ ಹೋಗುತ್ತದೆ.

ದಸರೆ ಕಳೆದ ಮೇಲೆ ಹೊಸ ಎಲೆ ಸಣ್ಣದಾಗುತ್ತ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ಎಲೆ ಹಳದಿಗೆ ತಿರುಗಿದರೆ ಗೆಡ್ಡೆ ಬಲಿತಿದೆ ಎಂದೇ ಅರ್ಥ. ಆಗ ನೀರು ಕಡಿಮೆ ಮಾಡಿ, ಮಣ್ಣು ಒಣಗಿದ ಮೇಲೆ ಕುಂಡವನ್ನು ಪತ್ರಿಕೆಯ ಮೇಲೆ ಬೋರಲು ಹಾಕಿ, ದೊಡ್ಡದನ್ನು ಅಡುಗೆಗೆ ತೆಗೆದು, ಕೋಳಿಮೊಟ್ಟೆಯಷ್ಟು ದಪ್ಪದ, ಗಾಯವಿಲ್ಲದ ಮರಿಗಳನ್ನು ಬಿತ್ತನೆಗೆ ಆರಿಸಬೇಕು. ಅವನ್ನು ತೊಳೆಯದೆ, ಒಣ ಮರಳು ತುಂಬಿದ ಡಬ್ಬದಲ್ಲಿ ಮುಚ್ಚಳ ಹಾಕದೆ, ಗಾಳಿಯಾಡುವ ಕತ್ತಲ ಮೂಲೆಯಲ್ಲಿಟ್ಟರೆ ಮೇ ಕೊನೆಯವರೆಗೆ ಬಾಳುತ್ತವೆ. ಫ್ರಿಜ್ಜಿನಲ್ಲಿ ಇಡಬಾರದು, ಚಳಿಗೆ ಕಣ್ಣು ಸಾಯುತ್ತದೆ. ಒಂದು ಕುಂಡದಿಂದ ಐದಾರು ಒಳ್ಳೆಯ ಮರಿಗಳಾದರೂ ಸಿಗುತ್ತವೆ, ಬಾಲ್ಕನಿಗೆ ಬೇಕಾದದ್ದು ಒಂದೆರಡು. ಉಳಿದವನ್ನು ಮಳೆ ಹಿಡಿಯುವ ಮೊದಲೇ ಕೊಟ್ಟುಬಿಡುವುದು ಒಳ್ಳೆಯದು, ಮೊಳೆತ ಮೇಲೆ ಸಾಗಿಸಿದರೆ ಎಳೆಯ ಮೊನೆ ಮುರಿಯುತ್ತದೆ. ಕೊಡುವಾಗ ದಂಟಿನ ಬಣ್ಣ ಯಾವುದು, ಎಲೆ ಸುತ್ತಿ ಬೇಯಿಸಲೋ ಪಲ್ಯಕ್ಕೋ ಎಂದು ಚೀಟಿ ಬರೆದು ಕಟ್ಟಬೇಕು. ಗೆಡ್ಡೆಯನ್ನು ನೋಡಿ ಅದು ತಿಳಿಯುವುದಿಲ್ಲ.